ಯಾರ ಹೆಸರೂ ಹೇಳಂಗಿಲ್ಲ

ಸಾವಕ್ಕ ಅನ್ನ ಬಿಟ್ಟ ಸುದ್ದಿ ಶೇಡಬಾಳದ ಓಣಿ ದಾಟುವ ಮೊದಲೇ ಕಾಗವಾಡದ ಸರ್ಕಲ್ಲಿನಲ್ಲಿ ಅದರ ಫ್ಲೆಕ್ಸು ಎದ್ದು ನಿಂತಿತ್ತು.

ಚಿಕ್ಕೋಡಿಯಲ್ಲಿ ಹತ್ತನೆಯ ಇಯತ್ತೆಯ ಪೇಪರ್ ತಿದ್ದುವ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ತ್ರಿಶಲಾ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿದಳು. 'ಧರ್ಮಮಾತೆ ಸಾವಕ್ಕ ನಾಂದ್ರೆಯವರ ಸಲ್ಲೇಖನ ವ್ರತಕ್ಕೆ ಶತಕೋಟಿ ನಮನ.' ಅವ್ವನ ಮುಖ ಊಟದ ತಾಟಿನಷ್ಟಿದ್ದರೆ, ಮಗ್ಗುಲಿಗೆ ಕೈ ಮುಗಿದು ನಿಂತ ಅಣ್ಣನ ಮುಖ ಗಾಡಿಯ ಗಾಲಿಯಷ್ಟಿತ್ತು. ಕೆಳಗೆ, ಭಾವುಸಾಹೇಬ ನಾಂದ್ರೆ, ರಾಜ್ಯಸಭಾ ಸದಸ್ಯರು.

ಅವ್ವನ ಆ ಫೋಟೊ ಎಲ್ಲಿಯದೆಂದು ತ್ರಿಶಲಾಳಿಗೆ ತಕ್ಷಣ ಗುರುತು ಹತ್ತಿತು. ಅಣ್ಣನ ಮಗ ಕುಣಾಲನನ್ನು ತೊಟ್ಟಿಲಿಗೆ ಹಾಕಿದ ದಿನದ್ದು. ಅವ್ವ ಅಷ್ಟು ಬಾಯಿ ತೆರೆದು ನಕ್ಕ ಇನ್ನೊಂದು ಫೋಟೊ ಆ ಮನೆಯಲ್ಲಿಲ್ಲ. ಬಲಗಡೆ ನಿಂತವಳನ್ನು ಕತ್ತರಿಸಿ ತೆಗೆದಿದ್ದರು. ಆದರೆ ಅವಸರದಲ್ಲಿ ಅವ್ವನ ಹೆಗಲ ಮೇಲೆ ಆಕೆಯ ಬೆರಳುಗಳು ಹಾಗೇ ಉಳಿದುಬಿಟ್ಟಿದ್ದವು. ಅವು ಅಣ್ಣನ ಹಳೆಯ ಗೆಳೆಯನ ಹೆಂಡತಿ ಬಿಸ್ಮಿಲ್ಲಾ ಭಾಭಿಯ ಬೆರಳುಗಳು. ಬಸ್ಸು ಮುಂದೆ ಹೋದ ಮೇಲೂ ತ್ರಿಶಲಾ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು.

ಮನೆಯಲ್ಲಿ ಅಡುಗೆ ಕೋಣೆಯ ಪಕ್ಕದ ಸಣ್ಣ ಖೋಲಿಯಲ್ಲಿ ಅವ್ವ ಚಾಪೆಯ ಮೇಲೆ ಒರಗಿದ್ದಳು. ಎರಡೂ ಮೂತ್ರಪಿಂಡ ಕೈಬಿಟ್ಟಿವೆಯೆಂದು ಮಿರಜೆಯ ಡಾಕ್ಟರು ಹೇಳಿ ಆಗಿತ್ತು. ಯಂತ್ರಕ್ಕೆ ರಕ್ತ ಕೊಟ್ಟು ಬದುಕುವುದು ಬೇಡವೆಂದು ಅವ್ವ ತಾನೇ ನಿಶ್ಚಯಿಸಿ, ಊರಿನ ಜೈನ ಬಸ್ತಿಗೆ ಬಂದಿದ್ದ ಮುನಿ ಮಹಾರಾಜರ ಅಪ್ಪಣೆ ಪಡೆದಿದ್ದಳು. ಈ ವ್ರತ ಒಂದು ದಿನದ್ದಲ್ಲ. ಮೊದಲು ಅನ್ನ, ಆಮೇಲೆ ಹಾಲು, ಆಮೇಲೆ ಮಜ್ಜಿಗೆ, ಎಲ್ಲಕ್ಕಿಂತ ಕಡೆಗೆ ನೀರು ಎಂದು ಒಂದೊಂದನ್ನೇ ಬಿಡುತ್ತ ಹೋಗಬೇಕು. ಬಿಡುವವರು ಮನಸ್ಸಿನಲ್ಲಿ ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಬಾರದು, ತಾವು ನೋಯಿಸಿದವರ ಕ್ಷಮೆ ಕೇಳಿರಬೇಕು. ಕ್ಷಮೆ ಕೇಳುವುದು ಉಳಿದಿದ್ದರೆ ಕಡೆಯ ನೀರು ಬಿಡುವಂತಿಲ್ಲ ಎಂದು ಮಹಾರಾಜರು ಹೇಳಿ ಹೋಗಿದ್ದರು.

"ಎಲ್ಲಾರ್ನೂ ಕೇಳಿ ಆತು," ಅಂದಳು ಅವ್ವ. ಧ್ವನಿ ಸಣ್ಣದಾಗಿದ್ದರೂ ಮಾತಿನ ಹರಿತ ಹೋಗಿರಲಿಲ್ಲ. "ನಿಮ್ಮ ಚಿಗವ್ವನ್ನ ಕೇಳಿದೆ. ಹೊಲದ ಬಾಳೇಶನ್ನ ಕೇಳಿದೆ. ಎಮ್ಮಿ ಮುಂದೂ ಕೈ ಮುಗದ ನಿಂತೆ. ಅದು ನನ್ನ ಸೆರಗ ತಿನ್ನಾಕ ಬಂತು."

"ಕ್ಷಮಾ ಮಾಡಿತಂತ ತಿಳಕೊ, ಅವ್ವಾ."

"ಒಬ್ಬಾಕಿ ಉಳದಾಳ, ತ್ರಿಶಲಾ."

ಯಾರೆಂದು ಮಗಳಿಗೆ ಗೊತ್ತಿತ್ತು.

"ನಿಪ್ಪಾಣಿಯೊಳಗ ಅದಾಳಂತ. ಕರಕೊಂಡ ಬಾ. ನೀರ ಬಿಡೂದರೊಳಗ ಆಕೀನ್ನ ಕೇಳಬೇಕು. ಇಲ್ಲಾಂದ್ರ ನಾ ಹಿಂಗ ತೊಟ್ಟ ಕಳಚದ ಎಲಿಗತೆ ಜೋತಾಡಕೋತ ಇರತೇನಿ."

ಗಂಡ ತೀರಿದ ಮೇಲೆ ತವರಿನಲ್ಲೇ ಉಳಿದು, ಕಾಗವಾಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ತ್ರಿಶಲಾ ಒಂದು ಅಂಕ ಹೆಚ್ಚು ಕೊಟ್ಟೆನೋ ಕಡಿಮೆ ಕೊಟ್ಟೆನೋ ಎಂದು ತಿದ್ದಿದ ಪೇಪರನ್ನೇ ಮತ್ತೆ ತಿದ್ದುವ ಸ್ವಭಾವದವಳು. ಅಂಥವಳು ಆ ಕ್ಷಣ ಯೋಚಿಸದೆ, "ತರತೇನಿ" ಅಂದುಬಿಟ್ಟಳು. ಅಣ್ಣನಿಗೆ ಹೇಳದೆ ಈ ಮನೆಗೆ ಬಿಸ್ಮಿಲ್ಲಾಳನ್ನು ಕರೆತರುವುದು ಹೇಗೆ?

*

ಭಾವುಸಾಹೇಬ ಹುಟ್ಟು ರಾಜಕಾರಣಿಯೇನಲ್ಲ. ಕಬ್ಬಿನ ದರಕ್ಕಾಗಿ ಟ್ರ್ಯಾಕ್ಟರಿನ ಮುಂದೆ ರಸ್ತೆಯಲ್ಲಿ ಅಂಗಾತ ಮಲಗಿದ ಹುಡುಗ. ಆ ಮೊದಲ ಭಾಷಣಗಳನ್ನು ಅವನು ಕಬ್ಬಿನ ಹೊಲದ ಬದುವಿನ ಮೇಲೆ ನಿಂತು ತಂಗಿಯ ಎದುರಿಗೆ ಮಾಡಿ ನೋಡುತ್ತಿದ್ದ. "ಅಣ್ಣಾ, ಭಾಳ ಓಡಾಕತ್ತಿ. ನಡಕ ನಿಂದರು. ನೀ ಸುಮ್ಮಾದ್ರ ಜನ ತಾವ ಮಾತಾಡತಾರ," ಎಂದು ಪರಕರ ಉಟ್ಟ ತಂಗಿ ಹೇಳಿದ್ದನ್ನು ಅವನು ಮರೆಯಲಿಲ್ಲ.

ಆಗ ಅವನ ಬೆನ್ನಿಗೆ ನೆರಳಿನಂತೆ ಇದ್ದವನು ಗೆಳೆಯ ಇಬ್ರಾಹಿಮ. ಅವನ ಟೆಂಪೊ ಮೇಲೆ ಲೌಡ್‌ಸ್ಪೀಕರ್ ಕಟ್ಟಿಕೊಂಡು ರಾಯಬಾಗ, ಅಲಖನೂರ, ಅಥಣಿ ಎಲ್ಲ ಸುತ್ತಿದ್ದರು. ಪೊಲೀಸರು ಭಾವುಸಾಹೇಬನ ತಲೆಗೆ ಬೀಸಿದ ಲಾಠಿಗೆ ಇಬ್ರಾಹಿಮ ಕೈ ಅಡ್ಡ ಕೊಟ್ಟ. ಆ ಕೈ ಸರಿಯಾಗಿ ಕೂಡಲಿಲ್ಲ. ಸ್ಟೇರಿಂಗ್ ತಿರುಗಿಸಲಾರದೆ ಟೆಂಪೊ ಮಾರಿ, ಬಸ್ ಸ್ಟ್ಯಾಂಡಿನಿಂದ ಬಸ್ತಿಗೆ ಹೋಗುವ ದಾರಿಯಲ್ಲಿ ಮೊಟ್ಟೆ ಕರಿದು ಕೊಡುವ ಅಂಡಾ-ಪಾವಿನ ಗಾಡಿ ಹಾಕಿಕೊಂಡ. ಇತ್ತ ಭಾವುಸಾಹೇಬ ತಾಲೂಕು ಪಂಚಾಯಿತಿ ಹತ್ತಿದ, ಒಮ್ಮೆ ಶಾಸಕನಾದ, ಮುಂದಿನ ಸಲ ಸೋತ.

ಸೋತ ವರ್ಷ ಅವನು ಮನೆ ಬಿಟ್ಟು ಹೊರಗೆ ಬರಲಿಲ್ಲ. ಕಬ್ಬಿನ ಮಾತು ಹಳತಾಗಿತ್ತು, ಎಲ್ಲ ಪಕ್ಷದವರೂ ಅದನ್ನೇ ಆಡುತ್ತಿದ್ದರು. ಮತ್ತೆ ಹೊರಗೆ ಬಂದಾಗ ಅವನ ಬಾಯಲ್ಲಿ ಬೇರೆ ಮಾತಿತ್ತು. ನಮ್ಮ ಹಿರಿಯರ ಪದ್ಧತಿ, ನಮ್ಮ ಹೆಣ್ಣುಮಕ್ಕಳ ಮರ್ಯಾದೆ, ನಮ್ಮ ಸಾಲೆಯ ಮಕ್ಕಳ ತಾಟಿಗೆ ಹಾಕುವ ಮೊಟ್ಟೆ. ನಿಪ್ಪಾಣಿಯಲ್ಲಿ ಮರಾಠಿಯಲ್ಲಿ, ಅಥಣಿಯಲ್ಲಿ ಕನ್ನಡದಲ್ಲಿ, ರಾಯಬಾಗದಲ್ಲಿ ಎರಡನ್ನೂ ಕಲಸಿ ಅವನು ಅದನ್ನೇ ಹೇಳಿದ. ನೆಲದ ಮೇಲೆ ಕೂತು ಜನರೊಡನೆ ರೊಟ್ಟಿ ಝುಣಕ ತಿಂದ. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ಹೆಸರು ಹಿಡಿದು ವಿಚಾರಿಸಿದ. ಕರೆದ ಹೊತ್ತಿಗೆ ಆಸ್ಪತ್ರೆಗೆ ಫೋನು ಹಚ್ಚಿ ಹಾಸಿಗೆ ಕೊಡಿಸಿದ. ಅವನನ್ನು ಕೆಟ್ಟವನೆನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ, ತ್ರಿಶಲಾಳಿಗೂ ಬರುತ್ತಿರಲಿಲ್ಲ.

ಅಥಣಿಯ ಒಂದು ಸಭೆಯಲ್ಲಿ ಅವನು ಅಂದ: "ನಮ್ಮ ಅವ್ವ-ಅಕ್ಕಂದಿರು ಬಸ್ತಿಗೆ ಹೋಗೂ ದಾರ್ಯಾಗ ಮೂಗ ಮುಚಗೊಂಡ ಹೋಗಬೇಕಾಗೇತಿ. ಎಲ್ಲಿ, ಯಾರ ದೆಸೀಂದ, ನಿಮಗ ಗೊತ್ತೈತಿ." ಅಲ್ಲಿ ಅವನು ನಿಂತ. ಜನ ಸುಮ್ಮನೆ ಕಾದರು. "ನಾ ಯಾರ ಹೆಸರೂ ಹೇಳಂಗಿಲ್ಲ."

ಮರುದಿನ ಇಬ್ರಾಹಿಮನ ಗಾಡಿ ಬೋರಲು ಬಿದ್ದಿತ್ತು. ಒಡೆದ ಮೊಟ್ಟೆಯ ಮೇಲೆ ಬಿಸಿಲು ಬಿದ್ದು ದಾರಿಯೆಲ್ಲ ನಾರುತ್ತಿತ್ತು. ಮಾಡಿದವರು ಯಾರೆಂದು ಯಾರೂ ಹೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇಬ್ರಾಹಿಮನ ಹೆಂಡತಿ ಬಿಸ್ಮಿಲ್ಲಾ ನಾಂದ್ರೆಯವರ ಬಾಗಿಲಿಗೆ ಬಂದು, "ಮಾವಶೀ, ಒಂದ ಮಾತ ಭಾವುಗ ಹೇಳ್ರಿ. ಬಾಗಲಾ ತಗೀರಿ," ಎಂದು ಕರೆದಳು. ಸಾವಕ್ಕ ಒಳಗೆ ಬಾಗಿಲ ಹಿಂದೆಯೇ ನಿಂತಿದ್ದಳು. ಕೈ ಅಗಳಿಯ ಮೇಲಿತ್ತು. ಮಗ ಮತ್ತೆ ಏಳುತ್ತಿರುವ ಹೊತ್ತು, ಈಗ ತೆರೆದರೆ ಓಣಿ ನೋಡುತ್ತದೆ ಎಂದುಕೊಂಡಳು. ತೆರೆಯಲಿಲ್ಲ. ಬಿಸ್ಮಿಲ್ಲಾ ಸ್ವಲ್ಪ ಹೊತ್ತು ನಿಂತು ಹೋದಳು. ಆ ವಾರವೇ ಅವರು ಊರು ಬಿಟ್ಟರು. ನಿಪ್ಪಾಣಿಯ ತಂಬಾಕಿನ ಗೋಡೌನಿನಲ್ಲಿ ಹಮಾಲಿ ಮಾಡುತ್ತ ಇಬ್ರಾಹಿಮ ತೀರಿಕೊಂಡ. ಭಾವುಸಾಹೇಬನನ್ನು ಪಕ್ಷ ದಿಲ್ಲಿಯ ಮೇಲ್ಮನೆಗೆ ಕಳಿಸಿತು.

ಸಾವಕ್ಕ ಆ ಅಗಳಿಯ ಮೇಲಿನ ಕೈಯನ್ನು ಅಂದಿನಿಂದ ಇಂದಿನವರೆಗೂ ಇಳಿಸಿರಲಿಲ್ಲ.

*

ಸಂಜೆ ಭಾವುಸಾಹೇಬ ಬಂದ. ಹಿಂದೆ ಮುಂದೆ ಗಾಡಿಗಳು, ಪಡಸಾಲೆಯ ತುಂಬ ಚಪ್ಪಲಿ. ಅವನ ಮೇಲ್ಮನೆಯ ಅವಧಿ ಮುಗಿಯುತ್ತ ಬಂದಿತ್ತು. ಎರಡನೆಯ ಸಲಕ್ಕೆ ಹೆಸರು ಬರುತ್ತದೋ ಇಲ್ಲವೋ ಎಂಬುದು ಬೆಂಗಳೂರಿನಲ್ಲೂ ದಿಲ್ಲಿಯಲ್ಲೂ ತೂಗುತ್ತಿತ್ತು. ಅವ್ವನ ಕಾಲು ಮುಟ್ಟಿ ಹೊರಗೆ ಬಂದಾಗ ಅವನ ಕಣ್ಣುಗಳು ನಿಜವಾಗಿ ತೇವವಾಗಿದ್ದವು.

ತ್ರಿಶಲಾ ಧೈರ್ಯ ಮಾಡಿ ವಿಷಯ ಹೇಳಿದಳು. ಅವನು ರೇಗುತ್ತಾನೆಂದುಕೊಂಡಿದ್ದಳು. ರೇಗಲಿಲ್ಲ.

"ಇದಕ ಯಾಕಷ್ಟ ಅಂಜತಿ? ಕರಸೂಣು. ಇಬ್ರಾಹಿಮ ನನ್ನ ಗೆಳ್ಯಾ ಇದ್ದ ತಾಯಿ, ನಾ ಮರತೇನೇನು? ಹೈಸ್ಕೂಲ್ ಮೈದಾನದಾಗ ಪೆಂಡಾಲ ಹಾಕಸ್ತೇನಿ. ಅವ್ವನ್ನ ಖುರ್ಚ್ಯಾಗ ಕರಕೊಂಡ ಹೋಗೂಣು. ಬಿಸ್ಮಿಲ್ಲಾ ಬರಲಿ, ಮಹಾರಾಜರ ಎದರಿಗೆ, ಎಲ್ಲಾರ ಎದರಿಗೆ ಆಗಲಿ."

"ಅವ್ವಗ ಎಲ್ಲಾರ ಎದರಿಗೆ ಬೇಕಾಗಿಲ್ಲ ಅಣ್ಣಾ. ಆಕಿ ಎದರಿಗೆ ಬೇಕಾಗೇತಿ."

ಫೋನಿನಿಂದ ಕಣ್ಣೆತ್ತದೆ ಕುಣಾಲ ಅಂದ: "ಆತ್ಯಾ, ಒಂದ ನಿಮಿಷದ ವಿಡಿಯೊ. ಅಜ್ಜಿ ಕೈ ಮುಗಿಯೂದು, ಆಕಿ ಅಜ್ಜಿ ಕಣ್ಣೀರ ಒರಸೂದು. ಪಪ್ಪಾನ ಮ್ಯಾಲೆ ಅನ್ನವರ ಬಾಯಿ ಬಂದ. ದಿಲ್ಲಿ ತನಕಾ ಹೋಗತೈತಿ."

"ನಿಮ್ಮಜ್ಜಿ ಎಲ್ಲಿ ತನಕಾ ಹೋಗಾಕತ್ತಾಳ, ನೋಡೀಯೇನ?" ಅಂದಳು ತ್ರಿಶಲಾ. ಕುಣಾಲ ನಾಚಿ ಎದ್ದು ಹೋದ. ಭಾವುಸಾಹೇಬ ಮಾತ್ರ ತಂಗಿಯ ಬೆನ್ನು ತಟ್ಟಿ, "ಮಾಸ್ತರಣಿ ಸಿಟ್ಟಿಗೆದ್ಲು," ಎಂದು ನಕ್ಕು, ಪೆಂಡಾಲಿನವನಿಗೆ ಫೋನು ಹಚ್ಚಲು ಹೇಳಿದ.

*

ಮರುದಿನ ತ್ರಿಶಲಾ ಒಬ್ಬಳೇ ನಿಪ್ಪಾಣಿಯ ಬಸ್ಸು ಹತ್ತಿದಳು.

ಆ ಓಣಿಯಲ್ಲಿ ಗಾಳಿಗೂ ತಂಬಾಕಿನ ಘಾಟು. ಬಾಗಿಲು ಬಾಗಿಲಿಗೂ ಹೆಂಗಸರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಬಿಸ್ಮಿಲ್ಲಾ ತುಂಬ ಸಣ್ಣಗಾಗಿದ್ದಳು. ತಲೆಯೆತ್ತಿ ನೋಡಿದಳು. ಕೈ ನಿಲ್ಲಲಿಲ್ಲ.

"ಏನ ತ್ರಿಶಲಾ, ರಸ್ತಾ ತಪ್ಪಿ ಬಂದೇನು?"

"ಭಾಭಿ, ಅವ್ವ ವ್ರತ ತಗೊಂಡಾಳ."

"ನೋಡೇನಿ. ಇಲ್ಲಿ ಬಸ್ ಸ್ಟ್ಯಾಂಡಿಗೂ ಹಾಕ್ಯಾರ, ಇಷ್ಟೆತ್ತರ. ನನ್ನ ಬೆರಳ ಬಿಟ್ಟಾರ ಅದರಾಗ." ಬಿಸ್ಮಿಲ್ಲಾ ನಕ್ಕಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. "ನನ್ನ ಮೊಮ್ಮಗಳ ನಾಜಿಮಾಗ ಹೇಳಿದೆ, ಅದು ನನ್ನ ಕೈ ಅಂತ. ಆಕಿ ನಂಬಲಿಲ್ಲ."

ತ್ರಿಶಲಾ ಬಂದ ಕಾರಣ ಹೇಳಿದಳು. ಪೆಂಡಾಲಿನ ವಿಷಯವನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವುದು ಅವಳಿಗೆ ಬರುತ್ತಿರಲಿಲ್ಲ.

ಬಿಸ್ಮಿಲ್ಲಾ ಬೀಡಿಯ ಬಾಯಿ ಮಡಚಿ ಮೊರದ ಅಂಚಿಗಿಟ್ಟಳು. "ಬಾಗಲದಾಗ ನಿಂತಾಗ ತಗೀಲಿಲ್ಲ. ಈಗ ಮೈದಾನದಾಗ ತಗೀತಾರಂತ? ಮಾವಶಿ ಮ್ಯಾಲೆ ನನಗ ಸಿಟ್ಟಿಲ್ಲ ತ್ರಿಶಲಾ. ಆಕಿ ಬಾಗಲ ಹಿಂದ ನಿಂತಿದ್ದು ನನಗ ಗೊತ್ತಿತ್ತು, ಉಸಿರ ಕೇಳಿಸ್ತಿತ್ತು. ಅಂಜಿದ್ಲು. ನಾನೂ ಅಂಜಾಕಿನ. ಆದರ ಆ ಮೈಕಿನ ಮುಂದ ನಾ ಬರಂಗಿಲ್ಲ. ಆ ಮೈಕ ನಮ್ಮ ಮನಿ ಮುರದೈತಿ."

"ಮೈಕ ಇರಂಗಿಲ್ಲ. ಕ್ಯಾಮರಾ ಇರಂಗಿಲ್ಲ. ನಿನ್ನ ಹೆಸರ ಯಾವ ಸ್ಟೇಜ್ ಮ್ಯಾಲೂ ಬರಂಗಿಲ್ಲ."

"ಕೈ ಮ್ಯಾಲೆ ಕೈ ಇಟ್ಟ ಹೇಳು."

ತ್ರಿಶಲಾ ತಂಬಾಕಿನ ಹುಡಿ ಮೆತ್ತಿದ ಆ ಅಂಗೈಯ ಮೇಲೆ ಕೈಯಿಟ್ಟು ಹೇಳಿದಳು.

ತಿರುಗಿ ಬರುವ ಬಸ್ಸಿನಲ್ಲಿ ಅವಳಿಗೆ ಒಂದೇ ಚಿಂತೆ. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಜನ. ಖೋಲಿಯ ಬಾಗಿಲಿಗೇ ಕುಣಾಲನ ಗೆಳೆಯರು ಫೋನು ಹಿಡಿದು ಕೂತಿರುತ್ತಾರೆ. ಕ್ಯಾಮರಾ ಇಲ್ಲದ ಹೊತ್ತು ಯಾವುದು? ಯೋಚಿಸಿ ಯೋಚಿಸಿ ಒಂದು ಹೊತ್ತು ಹೊಳೆಯಿತು. ಅವ್ವ ದಿನಕ್ಕೊಮ್ಮೆ ಕಾಸಿ ಆರಿಸಿದ ನೀರು ತೆಗೆದುಕೊಳ್ಳುವ ಹೊತ್ತು. ಆಗ ಮಡಿಯಲ್ಲಿದ್ದವರ ಹೊರತು ಯಾರೂ ಹತ್ತಿರ ಸುಳಿಯುವಂತಿಲ್ಲ. ಗಂಡಸರು ಮುಂಚೆಯೇ ಪಡಸಾಲೆಗೆ ಎದ್ದು ಹೋಗುತ್ತಾರೆ. ಹಿತ್ತಲ ಬಾಗಿಲಿನಿಂದ ಬಂದರೆ ಬಿಸ್ಮಿಲ್ಲಾ ಹೊಸ್ತಿಲ ಆಚೆ ನಿಂತು ಅವ್ವನನ್ನು ನೋಡಬಹುದು. ಅವ್ವ ನೀರು ಕುಡಿದು ಮುಗಿಸಿದ ಕೂಡಲೇ ಮಾತಾಡಬಹುದು.

ಎಲ್ಲವನ್ನೂ ಎರಡೆರಡು ಸಲ ತಿದ್ದುವವಳು ಅದೊಂದನ್ನು ತಿದ್ದಿ ನೋಡಲಿಲ್ಲ. ವ್ರತಸ್ಥರು ಆಹಾರವನ್ನೋ ನೀರನ್ನೋ ತೆಗೆದುಕೊಳ್ಳುವಾಗ ಅಳುವ ಸದ್ದು ಕಿವಿಗೆ ಬಿದ್ದರೆ ಅದು ಅಂತರಾಯ. ಅಲ್ಲಿಗೇ ಬಟ್ಟಲು ಕೆಳಗಿಡಬೇಕು, ಆ ದಿನ ಮತ್ತೆ ಏನನ್ನೂ ಮುಟ್ಟುವಂತಿಲ್ಲ. ಹಾಲುಗೂಸಾಗಿದ್ದಾಗಿನಿಂದ ಕೇಳುತ್ತ ಬಂದ ನೇಮ ಅದು. ಉಸಿರಾಟದಷ್ಟು ರೂಢಿಯಾದದ್ದು ನೆನಪಿಗೆ ಬರುವುದಿಲ್ಲ.

*

ಹಾಲು, ಮಜ್ಜಿಗೆ ಬಿಟ್ಟು ಅವ್ವನಿಗೆ ನೀರೊಂದೇ ಉಳಿದಿತ್ತು. ಬಿಸ್ಮಿಲ್ಲಾಳಿಗೆ ಬರಹೇಳಿದ್ದ ಬೆಳಿಗ್ಗೆ ಭಾವುಸಾಹೇಬನ ಹೆಂಡತಿ ಮಂಗಲ ಮಡಿ ಉಟ್ಟು ಬಟ್ಟಲಿಗೆ ನೀರು ಹಾಕಿದಳು. ತ್ರಿಶಲಾ ಅವ್ವನ ಬೆನ್ನಿಗೆ ಕೈ ಕೊಟ್ಟು ಕೂರಿಸಿದಳು. ಅಂಗಳದಲ್ಲಿ ಊರ ಹೆಂಗಸರು ಣಮೋಕಾರ ಮಂತ್ರ ಹೇಳುತ್ತಿದ್ದರು. ಬಿಸ್ಮಿಲ್ಲಾ ಬರುವ ಬಸ್ಸು ಎಂದೂ ವೇಳೆಗೆ ಬಂದದ್ದಲ್ಲ, ಅಂದು ಬೇಗ ಬಂದಿತ್ತು. ಅವ್ವ ಬಟ್ಟಲನ್ನು ತುಟಿಯ ಹತ್ತಿರ ತಂದಿದ್ದಳು, ಹಿತ್ತಲ ಹೊಸ್ತಿಲ ಬೆಳಕಿಗೆ ನೆರಳು ಬಿತ್ತು.

ಅವ್ವ ನೋಡಿದಳು. ಕುಡಿಯುವುದನ್ನು ಬಿಟ್ಟು ಬಟ್ಟಲನ್ನು ತೊಡೆಯ ಮೇಲಿಳಿಸಿ, ಎರಡೂ ಕೈ ಜೋಡಿಸಿದಳು. ಕೈ ಒಂದಕ್ಕೊಂದು ಕೂಡಲು ಹೊತ್ತು ಹಿಡಿಯಿತು.

"ಬಿಸ್ಮಿಲ್ಲಾ. ಆವತ್ತ ನಾ ಬಾಗಲ ಹಿಂದನ ಇದ್ದೆ. ತಗೀಲಿಲ್ಲ. ಕ್ಷಮಾ ಮಾಡವಾ."

ಬಿಸ್ಮಿಲ್ಲಾ ಒಣಗಿದ ಮನಸ್ಸಿನಿಂದ ಎರಡು ಮಾತು ಹೇಳಿ ಹೋಗಲು ಬಂದವಳು. ಆದರೆ ಆ ಕಡ್ಡಿಯಂಥ ಕೈ ನೋಡಿದಳೋ, ಅಥವಾ ತನ್ನ ಇಬ್ರಾಹಿಮನ ಕೈ ನೆನಪಾಯಿತೋ, ಎದೆಯಲ್ಲಿ ಕಟ್ಟಿಕೊಂಡಿದ್ದೆಲ್ಲ ಒಮ್ಮೆಲೇ ಒಡೆಯಿತು. "ಮಾಡೇನ ಮಾವಶೀ, ಯಾವಾಗೋ ಮಾಡೇನಿ," ಎನ್ನುತ್ತ ಹೊಸ್ತಿಲ ಮೇಲೆ ಕುಸಿದು ಗೊಳೋ ಎಂದು ಅತ್ತಳು. ಅಂಗಳದ ಮಂತ್ರ ನಿಂತಿತು.

"ಅಯ್ಯ, ಅಂತರಾಯ ಆತು!" ಎಂದಳು ಮಂಗಲ. ಕೆಟ್ಟ ಮನಸ್ಸಿನಿಂದಲ್ಲ. ಹಾಲು ಉಕ್ಕಿದರೆ ಹೇಗೆ ಬಾಯಿ ತಾನೇ ಕೂಗುತ್ತದೆಯೋ ಹಾಗೆ. ಆದರೆ ಕೂಗು ಅಂಗಳಕ್ಕೆ ಕೇಳಿಸಿತು.

ಅವ್ವ ಮಾತ್ರ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು, ಏನೋ ಭಾರ ಇಳಿಸಿದವರ ಹಾಗೆ. ಮುಖದಲ್ಲಿ ಆ ತೊಟ್ಟಿಲು ದಿನದ ನಗು.

"ಕೇಳಿದಿಲ್ಲ ತ್ರಿಶಲಾ? ಮಾಡೇನಿ ಅಂದ್ಲು. ಇನ್ನ ನೀರಿಂದ ಏನ ಕೆಲಸಾ. ಮಹಾರಾಜರಿಗೆ ಹೇಳಿ ಕಳಸು, ನಾಳಿಂದ ನೀರೂ ಬಿಟ್ಟೆ ಅಂತ."

ಮಧ್ಯಾಹ್ನ ಮಹಾರಾಜರು ಬಂದು ಅವಳ ಬಾಯಿಂದಲೇ ಕೇಳಿ, ಒಪ್ಪಿಗೆ ಕೊಟ್ಟು ಹೋದರು. ಪೆಂಡಾಲಿನ ಕಂಬಗಳು ಇನ್ನೂ ಮೈದಾನದಲ್ಲಿ ಅಡ್ಡ ಬಿದ್ದಿದ್ದವು. ಅವು ಏಳುವ ಮೊದಲೇ, ನೀರು ಬಿಟ್ಟ ಮರುದಿನ, ಬಸ್ತಿಯ ಗಂಟೆ ಕೇಳುತ್ತ ಕೇಳುತ್ತ ಸಾವಕ್ಕ ಕಣ್ಣು ಮುಚ್ಚಿದಳು.

*

ಊರ ಬಾಯಿಗೆ ಮುಚ್ಚಳ ಎಲ್ಲಿಯದು? ಅವ್ವನ ಅಂತ್ಯಯಾತ್ರೆಯ ಪಲ್ಲಕ್ಕಿ ಮನೆ ಬಿಡುವ ಮೊದಲೇ ಮಾತು ಕಾಲು ಮೂಡಿಸಿಕೊಂಡು ಹೊರಟಿತ್ತು. ಕಡೆಯ ಗುಟುಕು ನೀರಿಗೂ ಅಂತರಾಯ ಮಾಡಿದರಂತೆ. ಹಿತ್ತಲಿಂದ ನುಗ್ಗಿದಳಂತೆ. ಬೇಕಂತಲೇ ಅತ್ತಳಂತೆ. ರಾಯಬಾಗದಿಂದ ಬಂದ ಬೀಗರು ತ್ರಿಶಲಾಳನ್ನೇ ಬದಿಗೆ ಕರೆದು, "ಖರೇ ಏನ್ರಿ?" ಎಂದು ಕೇಳಿದರು. ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಅವರು ಕೇಳಿಕೊಂಡು, "ಅದ ಖರೆ, ಆದರೂ..." ಎಂದು ಎದ್ದು ಹೋದರು.

ರಾತ್ರಿಗೆ ಮುಂಚೆ ಅವಳು ಅಣ್ಣನ ಎದುರಿಗೆ ನಿಂತಳು. "ಅಣ್ಣಾ, ತಪ್ಪ ನಂದು. ಆ ಹೊತ್ತ ಆರಿಸಿದಾಕಿ ನಾನು. ಅವ್ವ ತಾನಾಗೇ ನೀರ ಬಿಟ್ಟಾಳ, ಮಹಾರಾಜರಿಗೂ ಗೊತ್ತೈತಿ. ನಾಳಿ ವಿನಯಾಂಜಲಿ ಸಭಾದಾಗ ನೀ ಇಷ್ಟ ಹೇಳಿಬಿಡು. ಅಂತರಾಯದಿಂದ ಏನೂ ಆಗಿಲ್ಲ, ನಮ್ಮವ್ವ ಸಮಾಧಾನದಿಂದ ಹೋದ್ಲು ಅಂತ. ಮತ್ತ ಭಾಭಿ ಹೆಸರ ತಗೀಬ್ಯಾಡ. ನಾ ಮಾತ ಕೊಟ್ಟೇನಿ."

ಭಾವುಸಾಹೇಬ ತಲೆ ಬೋಳಿಸಿಕೊಂಡಿದ್ದ. ಹಾಗೆ ಕೂತಾಗ ಬದುವಿನ ಮೇಲಿನ ಆ ಹುಡುಗನಂತೆಯೇ ಕಂಡ.

"ಹೆಸರ ತಗೀಯಂಗಿಲ್ಲ ತಾಯಿ," ಅಂದ. "ನನ್ನವ್ವನ ಆಣಿ."

ಮರುದಿನ ಸಭೆಗೆ ಮೈದಾನ ತುಂಬಿತ್ತು. ಅವ್ವನಿಗಾಗಿ ತರಿಸಿದ ಪೆಂಡಾಲು ಅವ್ವನಿಗೇ ಉಪಯೋಗವಾಯಿತು ಎಂದು ಯಾರೋ ಅಂದರು. ಗಡಿಯ ಆಚೀಚೆಯ ಎರಡೂ ರಾಜ್ಯದ ಮುಖಂಡರು ವೇದಿಕೆಯಲ್ಲಿದ್ದರು. ದಿಲ್ಲಿಯಿಂದ ಬಂದ ಒಬ್ಬರು ಅರ್ಥವಾಗದ ಕನ್ನಡವನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಭಾವುಸಾಹೇಬ ಮೈಕಿನ ಮುಂದೆ ನಿಂತು ಅವ್ವ ಕಬ್ಬು ಕಡಿಯುವವರಿಗೆ ರೊಟ್ಟಿ ಬಡಿದದ್ದು ಹೇಳಿದ. ಜನ ಅತ್ತರು. ತ್ರಿಶಲಾಳೂ ಅತ್ತಳು.

"ಅಂಥಾ ನನ್ನವ್ವ ಕಡೀಕ ಒಂದ ಬಟ್ಟಲ ನೀರ ಕೈಯಾಗ ಹಿಡದಿದ್ಲು," ಅಂದ. "ಆ ನೀರ ಆಕಿ ಗಂಟಲದಾಗ ಇಳೀಲಿಲ್ಲ."

ಅಲ್ಲಿ ಅವನು ನಿಂತ.

ಆ ನಿಲುಗಡೆ ತ್ರಿಶಲಾಳಿಗೆ ಗೊತ್ತಿದ್ದದ್ದು. ಮೈದಾನ ಉಸಿರು ಹಿಡಿದು, ಆಮೇಲೆ ಒಳಗೊಳಗೇ ಗುಜುಗುಡತೊಡಗಿತು.

"ಯಾಕ ಇಳೀಲಿಲ್ಲ, ನಿಮಗೆಲ್ಲಾ ಗೊತ್ತೈತಿ. ನಾ ಯಾರ ಹೆಸರೂ ಹೇಳಂಗಿಲ್ಲ. ನನ್ನವ್ವ ಅವರ್ನ ಕ್ಷಮಾ ಮಾಡ್ಯಾಳ. ನಾನೂ ಮಾಡೇನಿ. ನೀವೂ ಮಾಡ್ರಿ."

ಚಪ್ಪಾಳೆ ಹೊಡೆಯಬಾರದ ಸಭೆಯಲ್ಲಿ ಚಪ್ಪಾಳೆ ಬಿತ್ತು. ದಿಲ್ಲಿಯವರು ಕಣ್ಣು ತೆರೆದು ಪಕ್ಕದವರಿಂದ ಅರ್ಥ ಕೇಳಿ, ಮೆಚ್ಚಿ ತಲೆದೂಗಿದರು.

ತ್ರಿಶಲಾ ಯಾವಾಗ ಎದ್ದಳೋ, ಯಾವಾಗ ಮೆಟ್ಟಿಲು ಹತ್ತಿದಳೋ ಅವಳಿಗೇ ತಿಳಿಯಲಿಲ್ಲ. ಮೈಕು ಅವಳ ಕೈಯಲ್ಲಿತ್ತು.

"ಹಂಗಲ್ಲ," ಅಂದಳು. "ಕ್ಷಮಾ ಕೇಳಿದಾಕಿ ನಮ್ಮವ್ವ. ಮಾಡಿದಾಕಿ... ಆಕಿ. ಆಕೀನ್ನ ಕರಸಿದಾಕೀನೂ ನಮ್ಮವ್ವ. ನೀರ ನಮ್ಮವ್ವ ತಾನ ಬಿಟ್ಲು."

"ಯಾರ್ರಿ ಅಕ್ಕೋರ ಆಕಿ?" ಹಿಂದಿನಿಂದ ಒಬ್ಬ ಕೂಗಿದ. "ಹೆಸರ ಹೇಳ್ರಿ!"

ಹೆಸರು ನಾಲಿಗೆಯ ತುದಿಯಲ್ಲಿತ್ತು. ಬಿಸ್ಮಿಲ್ಲಾ ಎಂದು ಹೇಳಿ, ಗಾಡಿ ಬೋರಲು ಬಿದ್ದ ದಿನದಿಂದ ಹಿಡಿದು ಎಲ್ಲವನ್ನೂ ಬಿಡಿಸಿ ಹೇಳಿದರೆ ಮಾತ್ರ ಆ ಹೆಸರು ತೊಳೆದು ಹೊರಗೆ ಬರುತ್ತಿತ್ತು. ಆದರೆ ಅಂಗೈಯಲ್ಲಿ ಇನ್ನೂ ತಂಬಾಕಿನ ಹುಡಿಯ ಒರಟು ಉಳಿದಂತಿತ್ತು. ಯಾವ ಸ್ಟೇಜ್ ಮೇಲೂ ಬರುವುದಿಲ್ಲ ಎಂದಿದ್ದಳು. ಹೇಳಲೋ ಬೇಡವೋ ಎಂದು ಅವಳು ತಡವರಿಸಿ ನಿಂತಳು. ಅವಳಿಗೆ ಬೇಡವಾಗಿದ್ದ ನಿಲುಗಡೆ ಅದು. ಜನ ಅದನ್ನೂ ತಮಗೆ ಬೇಕಾದಂತೆ ತುಂಬಿಕೊಂಡರು.

ಭಾವುಸಾಹೇಬ ಹತ್ತಿರ ಬಂದು ಅವಳ ಹೆಗಲ ಸುತ್ತ ಕೈ ಹಾಕಿದ. ಅವನ ಮೈ ನಡುಗುತ್ತಿತ್ತು, ಅದು ನಾಟಕವಾಗಿರಲಿಲ್ಲ. ಅವಳ ಕೈಯಿಂದ ಮೈಕು ಬಿಡಿಸಿಕೊಂಡು, "ತಂಗಿ ದುಃಖದಾಗ ಅದಾಳ. ಅವ್ವನ ಬೆನ್ನ ಹಿಡಕೊಂಡ ಕುಂತಾಕಿ ಆಕಿನ," ಅಂದ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

*

ಅಣ್ಣನ ಹೆಸರು ದಿಲ್ಲಿಯಿಂದ ಬಂದ ದಿನ ಶೇಡಬಾಳದಲ್ಲಿ ಪಟಾಕಿ ಹಾರಿತು. ಸೂತಕದ ಮನೆ ಎಂದು ನಾಂದ್ರೆಯವರ ಓಣಿಯಲ್ಲಿ ಮಾತ್ರ ಹಾರಿಸಲಿಲ್ಲ. ತ್ರಿಶಲಾ ಅದೇ ದಿನ ನಿಪ್ಪಾಣಿಗೆ ಹೋದಳು.

ಬಿಸ್ಮಿಲ್ಲಾಳ ಮನೆಯ ಮುಂದೆ ತಗಡಿನ ಟ್ರಂಕು ಇತ್ತು, ಮೇಲೆ ಹಗ್ಗ ಸುತ್ತಿದ ಹಾಸಿಗೆ. ಮೊಮ್ಮಗಳು ನಾಜಿಮಾ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಬೀಡಿಯ ಮೊರ ಗೋಡೆಗೆ ಆನಿಸಿತ್ತು, ಖಾಲಿ.

"ಬಾ," ಅಂದಳು ಬಿಸ್ಮಿಲ್ಲಾ. ಕೂರು ಅನ್ನಲಿಲ್ಲ.

"ಭಾಭಿ, ಇದೇನ?"

"ಮನಿ ಖಾಲಿ ಮಾಡ ಅಂದಾರ. ಬೀಡಿ ಎಲಿ ಕೊಡೂದೂ ನಿಂದ್ರಿಸ್ಯಾರ. ಯಾಕಂತ ಕೇಳಿದೆ. ನಮಗೇನಿಲ್ಲಬೇ, ಮಂದಿ ಮಾತಾಡತಾರ ಅಂದ್ರು. ಯಾವ ಮಂದಿ ಅಂತ ಕೇಳಿದೆ. ಯಾರ ಹೆಸರೂ ಹೇಳಲಿಲ್ಲ." ಹಗ್ಗದ ಗಂಟನ್ನು ಮಂಡಿಯಿಂದ ಒತ್ತಿ ಬಿಗಿದಳು. "ಇಚಲಕರಂಜ್ಯಾಗ ಮಗಳ ಅದಾಳ. ಅಲ್ಲಿ ಹೊಕ್ಕೇನಿ."

"ನಾ ಹೇಳಬೇಕಾಗಿತ್ತು. ಸ್ಟೇಜ್ ಮ್ಯಾಲೆ ಹೋದೆ. ಆದರ ನಿನಗ ಮಾತ ಕೊಟ್ಟಿದ್ದೆ..."

"ನೋಡೇನಿ. ನಾಜಿಮಾನ ಮೊಬೈಲದಾಗ ಬಂದಿತ್ತು." ಬಿಸ್ಮಿಲ್ಲಾ ಅವಳನ್ನು ದಿಟ್ಟಿಸಿ ನೋಡಿದಳು. ಸಿಟ್ಟಿಲ್ಲದ ನೋಟ, ಅದೇ ತಡೆಯಲಾರದ್ದು. "ನಿಮ್ಮಣ್ಣ ಹೆಸರ ಹೇಳಲಿಲ್ಲ. ನೀನೂ ಹೇಳಲಿಲ್ಲ. ಇಬ್ಬರೂ ಮಾತ ಉಳಿಸ್ಕೊಂಡ್ರಿ."

ತ್ರಿಶಲಾ ಅವ್ವನಂತೆಯೇ ಎರಡೂ ಕೈ ಜೋಡಿಸಿದಳು.

"ಮಾವಶಿಗೆ ಮಾಡೇನಿ ತ್ರಿಶಲಾ. ಅದ ಆತು," ಎಂದಳು ಬಿಸ್ಮಿಲ್ಲಾ, ಮೆತ್ತಗೆ. "ಈಗ ಆ ಟ್ರಂಕಿಂದ ಒಂದ ಕಡೆ ಹಿಡಿ. ಟೆಂಪೊ ಬಂದೈತಿ."

ತ್ರಿಶಲಾ ಹಿಡಿದಳು. ಇಬ್ಬರೂ ಎತ್ತಿ ಟೆಂಪೊಗೆ ಏರಿಸಿದರು. ಟೆಂಪೊ ಓಣಿಯ ತಿರುವು ದಾಟುವವರೆಗೆ ಅವಳು ಅಲ್ಲೇ ನಿಂತಿದ್ದಳು. ಸುತ್ತಲಿನ ಬಾಗಿಲುಗಳಲ್ಲಿ ಬೀಡಿ ಕಟ್ಟುವ ಕೈಗಳು ನಿಂತು, ಮತ್ತೆ ಶುರುವಾದವು.

ಕಾಗವಾಡದ ಸರ್ಕಲ್ಲಿಗೆ ಬಸ್ಸು ಬಂದಾಗ ಹೊಸ ಫ್ಲೆಕ್ಸು ಕಟ್ಟುತ್ತಿದ್ದರು. ಎರಡನೆಯ ಬಾರಿ ರಾಜ್ಯಸಭೆಗೆ ಹೊರಟ ಜನನಾಯಕನಿಗೆ ಹಾರ್ದಿಕ ಅಭಿನಂದನೆ. ಮೂಲೆಯಲ್ಲಿ ಹೂವಿನ ಚೌಕಟ್ಟಿನೊಳಗೆ ಅವ್ವನ ಅದೇ ನಗು. ತ್ರಿಶಲಾ ಕಿಟಕಿಯಿಂದ ಬಗ್ಗಿ ಅವ್ವನ ಹೆಗಲನ್ನು ಹುಡುಕಿದಳು. ಈ ಸಲ ನೀಟಾಗಿ ಕತ್ತರಿಸಿದ್ದರು. ಬೆರಳು ಇರಲಿಲ್ಲ.